ಬೀದಿಗೆ ಸುರಿದ ಮೊದಲ ಲೋಟ

ಗಾಂಧಿಪುರಂ
18 ಜೂನ್ 2025

ನನ್ನ ಪಂಕಜಂಗೆ,

ನೀನು ಫೋನ್ ಎತ್ತುತ್ತಿಲ್ಲ. ಎತ್ತಿದ್ದರೂ ನನಗೆ ಮಾತು ಹೊರಡುತ್ತಿರಲಿಲ್ಲ, ಬಿಡು. ನಮ್ಮಿಬ್ಬರ ಮನೆಯಲ್ಲೂ ಕನ್ನಡ ಆಡುವವರೇ ಎಲ್ಲ, ಓದುವವರು ಮಾತ್ರ ನಾವಿಬ್ಬರೇ. ಕೊಳ್ಳೇಗಾಲದಿಂದ ಈ ತಮಿಳು ಸೀಮೆಯ ವೆಳ್ಳಕೋಯಿಲ್‌ಗೆ ಸೊಸೆಯಾಗಿ ಬಂದ ನಿನ್ನ ಚಿಕ್ಕಮ್ಮ ಕಡಲೆಕಾಯಿ ಸುಲಿಯುತ್ತಾ ನಮಗೆ ಅಕ್ಷರ ತಿದ್ದಿಸಿದ್ದು ಈ ಕಾಗದಕ್ಕೇ ಇರಬೇಕು.

ಕೆಲಸದಿಂದ ತೆಗೆದರೆಂದು ನೀನು ಕೊಟ್ಟ ದೂರಿನ ವಿಚಾರಣೆಗೆ ಸೋಮವಾರ ಲೇಬರ್ ಆಫೀಸಿನಲ್ಲಿ ಕೂತಾಗ ನೀನು ನನ್ನ ಕಡೆ ತಿರುಗಲೇ ಇಲ್ಲ. ಟೀ ಕಂಪನಿಯ ವಕೀಲರು ಫ್ರಾಂಚೈಸಿ ಒಪ್ಪಂದದ ಪುಟ ತೆಗೆದು, ಬೋರ್ಡು ಮತ್ತು ಟೀ ಪುಡಿ ಮಾತ್ರ ನಮ್ಮದು, ಅಂಗಡಿ ವಿಜಯಕುಮಾರಿಯವರದು, ಆಳನ್ನು ಇಟ್ಟುಕೊಳ್ಳುವುದೂ ಬಿಡುವುದೂ ಅವರ ಪಾಡು ಎಂದರು. ನಾನು ಎದ್ದು ನಿಂತು, ಲೋಟದ ಬಣ್ಣ ಬದಲಿಸುವ ಹಕ್ಕೂ ನನಗಿಲ್ಲ, ಇವಳನ್ನು ತೆಗೆದದ್ದು ಕಂಪನಿಯೇ ಎಂದೆ. ಅಧಿಕಾರಿ ಕನ್ನಡಕ ತೆಗೆದು, ಹಾಗಾದರೆ ಆರು ವರ್ಷ ಈ ಹೆಂಗಸು ಯಾರ ಹತ್ತಿರ ಕೆಲಸ ಮಾಡಿದಳು ಎಂದು ಕೇಳಿದರು. ವಕೀಲರು ನನ್ನ ಕಡೆ ಕೈ ತೋರಿಸಿದರು, ನಾನು ಅವರ ಕಡೆ. ವಿಚಾರಣೆ ಮುಂದಿನ ಸೋಮವಾರಕ್ಕೆ ಹೋಯಿತು.

ದಿನದ ಮೊದಲ ಲೋಟ ಟೀ ಮಾರಬಾರದು, ಬೀದಿಗೆ ಸುರಿಯಬೇಕು. ನಮ್ಮಪ್ಪ ತಮ್ಮ ಟೀ ಅಂಗಡಿಯಲ್ಲಿ ಒಂದು ದಿನವೂ ತಪ್ಪಿಸಿದವರಲ್ಲ. ಈ ಅಂಗಡಿ ತೆರೆದ ಬೆಳಿಗ್ಗೆ ನಿನ್ನ ಕೈಗೆ ಲೋಟ ಕೊಟ್ಟವಳು ನಾನೇ. ಕಂಪನಿಯವರು ಬಾಗಿಲಿಗೆ ಕ್ಯಾಮೆರಾ ಹಾಕಿದಾಗ ನೀನು ಹಿಂಜರಿದೆ. ನೋಡಿದರೆ ನೋಡಲಿ, ಸುರಿ ಎಂದವಳೂ ನಾನೇ. ಚೆನ್ನೈಯಲ್ಲಿ ಕುಳಿತು ನೋಡಿದವರಿಗೆ ಅದು ಬಿಲ್ ಇಲ್ಲದೆ ಹೊರಗೆ ಹೋದ ಟೀ.

ಒಂದು ಬೆಳಿಗ್ಗೆ ನೀನು ಹಾಜರಿಗೆ ಮುಖ ತೋರಿಸಿದಾಗ ಫೋನಿನಲ್ಲಿ ಕಂಪನಿಯ ಆಪ್ ಕೆಂಪಾಯಿತು, ವಂಚನೆ ಎಂದು ತೋರಿಸಿತು. ಊರಿನಲ್ಲಿರುವ ಕಂಪನಿಯ ಅಂಗಡಿಗಳಲ್ಲೆಲ್ಲ ಅದನ್ನು ಓದಿದರು. ನೀನು ಏಪ್ರನ್ ಬಿಚ್ಚಿ ಮಡಿಸಿಟ್ಟು, "ಸುರಿ ಅಂದೋಳ್ ನಾನೇ ಅಂತ ನೀನ್ ಒಂದ್ ಮಾತ್ ಹೇಳ್ಬುಡು ವಿಜಿ, ಪೋದುಂ, ಅಷ್ಟೇ ಸಾಕು. ಕಳ್ಳಿ ಅನ್ನೋ ಹೆಸ್ರು ನಂಗೆ ಬ್ಯಾಡ," ಎಂದೆ. ಹೇಳುತ್ತೇನೆ ಎಂದೆ ನಾನು. ಎರಡು ತಿಂಗಳಾಯಿತು. ಗಣಪತಿ ಬಡಾವಣೆಯ ಪಂಪ್ ವರ್ಕ್‌ಶಾಪಿನ ಕ್ಯಾಂಟೀನಿನಲ್ಲೂ ಆ ಹೆಸರು ಕೇಳಿ ನಿನ್ನನ್ನು ವಾಪಸ್ ಕಳಿಸಿದರಂತೆ. ಅಲ್ಲಿ ಪಾತ್ರೆ ತೊಳೆಯುವ ತಮಿಳ್‌ಸೆಲ್ವಿ ಬಂದು ಹೇಳಿದಳು.

ನಿನ್ನ ಜಾಗಕ್ಕೆ ಹೊಸಬಳು ಬಂದಿದ್ದಾಳೆ. ಅವಳನ್ನು ಆರಿಸಿ ಕಳಿಸಿದ್ದು ಕಂಪನಿಯೇ. ನನ್ನನ್ನು ಓನರ್ ಅಕ್ಕಾ ಎನ್ನುತ್ತಾಳೆ. ಕೇಳಿದರೆ ಮೈ ಉರಿಯುತ್ತದೆ. ನನ್ನದೇ ಅಂಗಡಿಯಲ್ಲಿ ಕ್ಯಾಮೆರಾಕ್ಕೆ ಬೆನ್ನು ಹಾಕಿ ಅಳುವ ಓನರ್ ನಾನು. ಮೊದಲ ಲೋಟ ಈಗ ಯಾರೂ ಸುರಿಯುವುದಿಲ್ಲ. ನಲವತ್ತು ವರ್ಷದ ಸ್ನೇಹ ಹೀಗೆ ಮುಗಿಯುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವರಿಗೆ ನಾಲ್ಕು ಬಾರಿಸುತ್ತಿದ್ದೆ. ಇನ್ನು ಸರಿಹೋಗುವಂಥದ್ದು ನನಗೇನೂ ಕಾಣುತ್ತಿಲ್ಲ.

ನಿನ್ನ ಬಾಗಿಲಿಗೆ ಬರಲು ಮುಖವಿಲ್ಲದ,
ವಿಜಿ

ಮರೆತು ಕೊನೆಗೆ ಬರೆಯುತ್ತಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆಪ್ ಕೆಂಪಾಗುವ ಹಿಂದಿನ ದಿನ ಕಂಪನಿಯವರು ನೀನು ಲೋಟ ಸುರಿಯುವ ವಿಡಿಯೋ ಆಪ್‌ನಲ್ಲಿ ಕಳಿಸಿ ನನ್ನನ್ನು ಕೇಳಿದ್ದರು: ಇದು ಯಾರ ಮಾತಿನಂತೆ ನಡೆದದ್ದು, ಮಾಲೀಕರದೋ ಕೆಲಸದವರದೋ? ಮಾಲೀಕರದಾದರೆ ಒಪ್ಪಂದ ರದ್ದು ಎಂದು ಕೆಳಗಿತ್ತು. ಕೆಲಸದವರದು ಎಂದು ಒತ್ತಿದೆ. ಇವರನ್ನು ಮುಂದುವರಿಸಬೇಕೇ ಎಂದು ಇನ್ನೊಂದು ಪ್ರಶ್ನೆ ಬಂತು. ಬೇಡ ಎಂದು ಒತ್ತಿದ್ದೂ ನಾನೇ. ಸೋಮವಾರ ಈ ಕಾಗದವನ್ನು ಅಧಿಕಾರಿಗೆ ಬೇಕಾದರೆ ತೋರಿಸು. ಆ ಆಫೀಸಿನಲ್ಲಿ ಕನ್ನಡ ಓದುವವರು ಯಾರೂ ಇಲ್ಲ ಎಂದು ಕೇಳಿ ತಿಳಿದುಕೊಂಡೇ ಕನ್ನಡದಲ್ಲಿ ಬರೆದಿದ್ದೇನೆ.