ನಾನು ಕೊಡದ ರಾಜೀನಾಮೆಯನ್ನು ಅಂಗೀಕರಿಸಿದವರಿಗೆ

ಮಾನ್ಯ ಚುನಾವಣಾಧಿಕಾರಿಗಳೇ,

ನಾನು ಬರೆಯದ ರಾಜೀನಾಮೆಯನ್ನು ನೀವು ಒಂದೇ ದಿನದಲ್ಲಿ ಅಂಗೀಕರಿಸಿದಿರಿ. ಸರ್ಕಾರಿ ಕಚೇರಿಯಲ್ಲಿ ಇಷ್ಟು ಚುರುಕನ್ನು ಕಂಡದ್ದು ಇದೇ ಮೊದಲು. ಅಭಿನಂದಿಸೋಣವೆಂದರೆ ವಾಕರಿಕೆ ಬರುತ್ತಿದೆ.

ನಾನು ದಕ್ಷಿಣದ ಗುಡ್ಡಗಾಡಿನ ಸಾನ್ ಹಸಿಂತೋ ಪುರಸಭೆಗೆ ಆಯ್ಕೆಯಾದವಳು. ಸಂತೆಯಲ್ಲಿ ಮೆಕ್ಕೆಜೋಳದ ಬಿಸಿ ಕಡುಬು, ತಮಾಲೆ, ಮಾರುತ್ತೇನೆ. ಅಭ್ಯರ್ಥಿಗಳಲ್ಲಿ ಅರ್ಧದಷ್ಟು ಹೆಂಗಸರಿರಬೇಕೆಂದು ಮೆಕ್ಸಿಕೋದ ಕಾನೂನು ಹೇಳುತ್ತದಲ್ಲ, ಅದಕ್ಕಾಗಿ ಅಧ್ಯಕ್ಷ ದೋನ್ ಎಲಿಹಿಯೋ ಸ್ವತಃ ನನ್ನ ಅಂಗಡಿಗೆ ಬಂದಿದ್ದರು. "ಹೆಸರು ಕೊಡಮ್ಮ ಸಾಕು, ಮಿಕ್ಕಿದ್ದು ನಾವು ನೋಡ್ಕೋತೀವಿ" ಅಂದರು. ಮಿಕ್ಕಿದ್ದನ್ನೂ ನಾನೇ ನೋಡಲು ಹೊರಟದ್ದು ನನ್ನ ಅಪರಾಧ.

ಮೊದಲ ಸಭೆಯಲ್ಲಿ ನನಗೆ ಕುರ್ಚಿ ಇರಲಿಲ್ಲ. "ದೋನ್ಯಾ ಎರ್ಮೆಲಿಂದಾ, ಒಳಗೆ ಕಾಫಿ ಇದೆ, ಎಲ್ರಿಗೂ ಸ್ವಲ್ಪ ಕೊಟ್ಬಿಡಿ" ಅಂದರು. ಕೊಟ್ಟೆ. ಕೊಟ್ಟು, ನಿಂತೇ ಅಧ್ಯಕ್ಷರನ್ನು ಕೇಳಿದೆ: ಮೇಲಿನ ಕೇರಿಯ ಹೆಂಗಸರು ಇನ್ನೂ ನೀರು ಹೊರುತ್ತಿರುವಾಗ, ಅವರಿಗೆಂದು ಬಂದ ಪೈಪು ನಿಮ್ಮ ಮಗನ ಭೂತಾಳೆ ತೋಟದಲ್ಲಿ ಏಕೆ ಬಿದ್ದಿದೆ? ಯಾರೂ ಲೋಟ ಮುಟ್ಟಲಿಲ್ಲ. ಒಬ್ಬ ಸದಸ್ಯ ಮಾತ್ರ, "ಮನೇಲೂ ಹೀಗೇ ವಿಚಾರಣೆ ಮಾಡ್ತಾಳೇನೋ. ಪಾಪ, ಫಿದೆನ್ಸಿಯೋ" ಎಂದು ನನ್ನ ಗಂಡನ ಹೆಸರೆತ್ತಿ ನಕ್ಕ.

ಹತ್ತು ದಿನದ ಮೇಲೆ ಕಾವಲುಗಾರ ನನ್ನನ್ನು ಬಾಗಿಲಲ್ಲೇ ತಡೆದ. ನನ್ನ ಜಾಗಕ್ಕೆ ಅಧ್ಯಕ್ಷರ ಸೊಸೆ ಬಂದಿದ್ದಳು. ಅಂದರೆ ಕಾಗದದ ಮೇಲೆ ಆಕೆ, ಕುರ್ಚಿಯ ಮೇಲೆ ಆಕೆಯ ಗಂಡ, ಅದೇ ಭೂತಾಳೆ ತೋಟದವನು.

ಬಸ್ಸಿನಲ್ಲಿ ಏಳು ಗಂಟೆ ಕಾಲ ಕೂತು ನಿಮ್ಮಲ್ಲಿಗೆ ಬಂದೆ. ನೀವು ಎದೆಗೆ ಮಹಿಳಾ ದಿನದ ನೇರಳೆ ರಿಬ್ಬನ್ನು ಸಿಕ್ಕಿಸಿಕೊಂಡಿದ್ದಿರಿ. ನೀವು ತೋರಿಸಿದ ಪತ್ರದಲ್ಲಿ ನಾನು 'ಗೃಹಕೃತ್ಯದ ಹೊಣೆಯಿಂದಾಗಿ' ಹುದ್ದೆ ಬಿಟ್ಟಿದ್ದೆ. ಕೆಳಗೆ ನನ್ನ ಹೆಸರು, ಮೊದಲ ಅಕ್ಷರ H ಇಲ್ಲದೆ. ಆ ಅಕ್ಷರವನ್ನು ನಾವು ಸ್ಪ್ಯಾನಿಷ್‌ನಲ್ಲಿ ಬರೆಯುತ್ತೇವೆ, ಉಚ್ಚರಿಸುವುದಿಲ್ಲ; ಕಿವಿಯಿಂದ ಕೇಳಿ ಬರೆದವರು ಬಿಟ್ಟುಬಿಡುತ್ತಾರೆ. ನನ್ನ ಹೆಸರನ್ನು ನಾನೇ ತಪ್ಪಾಗಿ ಬರೆಯುತ್ತೇನೆಯೇ ಎಂದು ಕೇಳಿದೆ.

"ಒಂದಕ್ಷರ ತಾನೇ, ಸೆನ್ಯೋರಾ" ಅಂದಿರಿ. "ಯಜಮಾನ್ರು ಬಂದಿಲ್ವಾ? ಅವರನ್ನ ಕರ್ಕೊಂಡ್ಬನ್ನಿ, ಮಾತಾಡೋಣ."

ಆ ಯಜಮಾನರ ಕತೆಯನ್ನೂ ಕೇಳಿ. ಮನೆಗೆ ಹೋಗಿ ವಿಚಾರಿಸಿದರೆ ಫಿದೆನ್ಸಿಯೋ ತಲೆ ಎತ್ತಲಿಲ್ಲ. "ಸಹಿ ನಾನು ಹಾಕಿಲ್ಲ ಕಣೇ. ಆದ್ರೆ ಅಧ್ಯಕ್ಷರ ಕಡೆಯವ್ರು ನನ್ನೆದುರಿಗೇ ಹಾಕಿದ್ರು. ಈ ಊರಲ್ಲಿ ಬಾಳ್ಬೇಕಲ್ಲ ನಾವು" ಅಂದ. ಹದಿನೆಂಟು ವರ್ಷ ನನ್ನೊಡನೆ ಸಂಸಾರ ಮಾಡಿದವನು. ಆವತ್ತಿನಿಂದ ತನ್ನ ತಮ್ಮನ ಮನೆಯಲ್ಲಿದ್ದಾನೆ. ಅವನ ಪುಕ್ಕಲುತನಕ್ಕೆ ಅತ್ತಿದ್ದೇನೆ. ನಿಮ್ಮದಕ್ಕೆ ಅಳು ಬರುವುದಿಲ್ಲ, ಹೇಸಿಗೆಯಾಗುತ್ತದೆ. ಅವನಿಗೆ ಊರಿನ ಭಯವಿತ್ತು. ಸಂಬಳ, ಮುದ್ರೆ, ಕಾನೂನು ಎಲ್ಲವೂ ಕೈಯಲ್ಲಿರುವ ನಿಮಗೆ ಯಾರ ಭಯ?

ಆ ಸಹಿಯನ್ನು ತಜ್ಞರಿಂದ ಪರೀಕ್ಷೆ ಮಾಡಿಸಿ. ದೋನ್ ಎಲಿಹಿಯೋ ಅವರನ್ನೂ ನನ್ನನ್ನೂ ಎದುರುಬದುರು ನಿಲ್ಲಿಸಿ ಬಹಿರಂಗವಾಗಿ ವಿಚಾರಣೆ ನಡೆಸಿ. ನಿನ್ನೆ ಫಿದೆನ್ಸಿಯೋ ಸಂತೆಗೆ ಬಂದು, "ಕರೆದ್ರೆ ಬಂದು ಹೇಳ್ತೀನಿ" ಎಂದು ಹೋದ. ತಡವಾಗಿಯಾದರೂ ಒಬ್ಬ ಗಂಡಸಿಗೆ ನಾಲಗೆ ಬಂದಿದೆ. ಕರೆಯುವುದು ನಿಮ್ಮ ಕೆಲಸ.

ಇಂತಿ,
ಜನ ಆರಿಸಿದ, ನೀವು ಅಳಿಸಿದ
ಎರ್ಮೆಲಿಂದಾ ಕ್ವೇವಾಸ್