ಮುಳ್ಳುಪೊದೆಗೆ ಬಂದ ಕಪ್ಪುರೋಗ

ಅತ್ತೆಯವರಿಗೆ ನಮಸ್ಕಾರ.

ಬೇಲಿಯಾಚೆಯ ಕಾಡುಹಣ್ಣಿನ ಪೊದೆಗಳಿಗೆ ಕಪ್ಪುರೋಗ ಬಂದಿದೆ. ನೀವು ಹೇಳಿಕೊಟ್ಟ ಹಾಗೆ, ಒಂದೊಂದು ಪೊದೆಗೂ ಕತ್ತಿಯನ್ನು ಕುದಿಯೋ ನೀರಲ್ಲಿ ಅದ್ದಿ ಕೊಳೆತ ಕೊಂಬೆ ಸವರುತ್ತಿದ್ದೆ. ಕಾಯಿ ಬಿಟ್ಟ ಕೊಂಬೆ ಕಡಿದೆ ಅಂತ ನಿಮ್ಮ ಮಗ ಜಡೆ ಹಿಡಿದು ನನ್ನ ಮುಖವನ್ನು ಮುಳ್ಳಿಗೆ ತಿಕ್ಕಿದರು. ಯಾವಾಗಲೂ ಸುಮ್ಮನಿರುತ್ತಿದ್ದೆ, ಈ ಸಲ ಕತ್ತಿ ಬೀಸಿದೆ. ಅವರ ಬಲಗೈಯ ಎರಡು ಬೆರಳು ಹೋಗಿವೆ. ಜೀವಕ್ಕೇನೂ ಅಪಾಯವಿಲ್ಲ.

ಆಸ್ಪತ್ರೆಗೆ ನೀವೇ ಬನ್ನಿ, ಊಟ ತಿನ್ನಿಸಬೇಕು. ನನಗಿನ್ನೂ ಒಂಬತ್ತು ಪೊದೆ ಬಾಕಿ ಇವೆ.

ಕತ್ತಿ ಕೊಳಕಾಗಿತ್ತಾ ಅಂತ ಡಾಕ್ಟರು ಕೇಳಿದರು. ನಮ್ಮತ್ತೆ ಕಲಿಸಿದ್ದು, ಕುದಿಯೋ ನೀರಲ್ಲಿ ಅದ್ದದೆ ನಾನು ಯಾವ ರೋಗಕ್ಕೂ ಕತ್ತಿ ತಾಗಿಸುವುದಿಲ್ಲ ಅಂದೆ.

ನಿಮ್ಮ ಸೊಸೆ