ಮೂರರ ಮೇಲಿನ ಚುಕ್ಕೆ

ಜುಲೈ 7, ಸೋಮವಾರ

ಶಾಲೆ ಶುರುವಾದ ಗಲಾಟೆ ಮುಗಿಯಿತು. ಅಂಗಡಿಯ ಹಿಂದಿನ ಕೋಣೆ ಖಾಲಿ ಮಾಡಿ ಮತ್ತೆ ಜೋಡಿಸಿದೆ. ಗಂಡಸರ ಕಪ್ಪು ಶೂ, ಒಂದೇ ಮಾದರಿ, ನಂಬರಿನ ಪ್ರಕಾರ ಸಾಲಾಗಿ. ಆರರ ಡಬ್ಬಗಳು ಮೊಣಕಾಲ ಮಟ್ಟ, ಏಳು ಸೊಂಟ, ಎಂಟು ಎದೆ, ಒಂಬತ್ತು ಮತ್ತೆ ಸೊಂಟ. ಹತ್ತು ಮುಗಿದಿದೆ. ಹನ್ನೊಂದು ಒಂದೇ ಡಬ್ಬ. ಕರೆಯದೆ ಊಟಕ್ಕೆ ಬಂದವನ ಹಾಗೆ ದೂರ ನಿಂತಿದೆ.

ಅಳಿಲು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ಮಗಳಿಗೆ ನಾನೇ ಇಟ್ಟ ಅಡ್ಡಹೆಸರು. ಕೂತಲ್ಲಿ ಕೂರುವವಳಲ್ಲ. ಅಲ್ಲ — ಕೂರುವವಳಾಗಿರಲಿಲ್ಲ. ಈಗ ಕೂರುತ್ತಾಳೆ.

"ಅಪ್ಪ, ಇದು ಡಾಟ್ ಪ್ಲಾಟ್."

"ಇದು ಗೋಡೌನು."

"ಇವತ್ತು ಲೆಕ್ಕದಲ್ಲಿ ಇದೇ ಪಾಠ. ಕೆಳಗೊಂದು ಗೆರೆ, ಗೆರೆ ಮೇಲೆ ನಂಬರು. ಒಂದು ಡಬ್ಬಕ್ಕೆ ಒಂದು ಚುಕ್ಕೆ. ಒಂದೇ ನಂಬರಿನವು ಇದ್ರೆ ಒಂದರ ಮೇಲೊಂದು."

"ಎತ್ತರಕ್ಕಿರೋದು ದೊಡ್ಡ ಸೈಜು ಅನ್ನು."

"ಅಲ್ಲಪ್ಪಾ! ಸೈಜು ಕೆಳಗಿನ ಗೆರೆ ನೋಡಿ ಹೇಳ್ಬೇಕು. ಎತ್ತರ ಅಂದ್ರೆ ಆ ಸೈಜಿನವು ಜಾಸ್ತಿ ಇದಾವೆ ಅಂತ, ಅಷ್ಟೇ."

ಸರಿ. ನನ್ನ ಕೋಣೆ ಹೇಳುವುದೂ ಅದನ್ನೇ. ಬಿಟ್ಟುಕೊಡಲಿಲ್ಲ.

"ಹಾಗಾದ್ರೆ ಆ ಹನ್ನೊಂದು ಯಾರದು ಹೇಳು."

"ಅದು ಹೇಳಕ್ಕಾಗಲ್ಲ. ಚುಕ್ಕೆಗೆ ಹೆಸರಿರಲ್ಲ."

"ನಾನು ಹೇಳ್ತೀನಿ. ಈಜು ಕಲಿಸೋ ಕೋಚು. ಆ ಕಾಲು ಈ ಊರಲ್ಲಿ ಅವನೊಬ್ಬನದೇ."

"ಮಿಸ್ ಹಾಗೆ ಹೇಳಬಾರದು ಅಂದಿದಾರೆ."

"ನಿಮ್ ಮಿಸ್ ಚಪ್ಪಲಿ ಅಂಗಡಿ ಇಟ್ಟಿಲ್ಲ."

ನಕ್ಕಳು. ಎಷ್ಟು ದಿನವಾಗಿತ್ತು ಹಲ್ಲು ಕಂಡು. ಕಿಡ್ನಿಯ ಕಾಯಿಲೆ ಅರ್ಧ ವರ್ಷ ತಿಂದಿತು — ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಆರನೇ ಕ್ಲಾಸಿನ ಮುಕ್ಕಾಲು ಪಾಠ ಮಂಚದ ಮೇಲೆಯೇ ಹೋಯಿತು. ಆದರೂ ಏಳಕ್ಕೆ ಕೂರಿಸಿಕೊಂಡಿದ್ದಾರೆ, ಷರತ್ತಿನ ಮೇಲೆ. ಹೆಡ್ ಮಿಸ್ ಅಂದದ್ದು: "ಬೇರೆದೆಲ್ಲ ಓದ್ಕೋತಾಳೆ. ಲೆಕ್ಕದ್ದೇ ಯೋಚನೆ. ಮೊದಲನೇ ಟೆಸ್ಟಲ್ಲಿ ಇಪ್ಪತ್ತಕ್ಕೆ ಹತ್ತಾದ್ರೂ ಬರಲಿ. ಬರ್ಲಿಲ್ಲ ಅಂದ್ರೆ ಆರಕ್ಕೆ ವಾಪಸ್."

ಟೆಸ್ಟು ಶುಕ್ರವಾರ ಆಯಿತು. ಪೇಪರ್ ಬಂದಿಲ್ಲ. ಹೆಂಡತಿ — ಇವಳು — ಮಗಳನ್ನು ಕೇಳಬೇಡಿ ಎಂದಿದ್ದಾಳೆ. ಕೇಳುತ್ತಿಲ್ಲ. ಮುಖ ನೋಡುತ್ತಿದ್ದೇನೆ, ಅಷ್ಟೆ.

ಜುಲೈ 9, ಬುಧವಾರ, ಸಂಜೆ

ಮಾರ್ಕ್ಸ್ ಬಂದಿದೆ. ಬಂದಿಲ್ಲ. ಹೇಗೆ ಬರೆಯುವುದು...

ಲೆಕ್ಕದ ಮಿಸ್ ಪೇಪರ್ ಕೊಡುವ ಮೊದಲು ಇಡೀ ಕ್ಲಾಸಿನ ಮಾರ್ಕ್ಸನ್ನು ಚುಕ್ಕೆ ಮಾಡಿ ಗೋಡೆಗೆ ಅಂಟಿಸಿದ್ದಾರೆ. ಒಂದು ಮಗುವಿಗೆ ಒಂದು ಚುಕ್ಕೆ. ಹೆಸರಿಲ್ಲ. ಪೇಪರ್ ಸೋಮವಾರ. ಅಲ್ಲಿಯ ತನಕ ಮಕ್ಕಳು ಅದನ್ನು ಓದಿ, ಕಂಡದ್ದು ಬರೆದುಕೊಂಡು ಬರಬೇಕು. ಇದು ಪಾಠವೋ ಶಿಕ್ಷೆಯೋ.

ಅಳಿಲು ಪುಸ್ತಕದಲ್ಲಿ ನಕಲು ಮಾಡಿಕೊಂಡು ಬಂದಿದ್ದಾಳೆ. ಸೊನ್ನೆಯಿಂದ ಇಪ್ಪತ್ತರ ತನಕ ಗೆರೆ. ಎಂಟರಿಂದ ಚುಕ್ಕೆಗಳು ಶುರು. ಹನ್ನೆರಡರ ಮೇಲೆ ಏಳು, ಅದೇ ಎತ್ತರದ ರಾಶಿ. ಆಮೇಲೆ ಇಳಿಯುತ್ತಾ ಹತ್ತೊಂಬತ್ತಕ್ಕೆ ಮುಗಿಯುತ್ತದೆ.

ಮತ್ತೆ ಎಡಗಡೆ, ತುಂಬಾ ಎಡಗಡೆ, ಮೂರರ ಮೇಲೆ ಒಂದೇ ಒಂದು. ಅದಕ್ಕೂ ಎಂಟಕ್ಕೂ ನಡುವೆ ಬಯಲು.

"ನಿಂದು ಯಾವುದು?"

"ಗೊತ್ತಿಲ್ಲ."

"ಅಂದಾಜು?"

"ಅಪ್ಪ, ಅಂದಾಜು ಮಾಡ್ಬಾರ್ದು ಅಂತಾನೇ ಹೆಸರು ಹಾಕಿಲ್ಲ."

ಅಷ್ಟು ಹೇಳಿ ಪೆನ್ಸಿಲ್ ಮೊನೆ ಮಾಡಲು ಹೋದಳು. ಅಲ್ಲೇ ನಿಂತು ಮಾಡುತ್ತಲೇ ಇದ್ದಳು. ಪೆನ್ಸಿಲ್ ಅರ್ಧವಾಯಿತು.

ನನಗೆ ಹೆಸರು ಬೇಕಾಗಿಲ್ಲ. ಕಾಲು ನೋಡಿ ಮನುಷ್ಯನನ್ನು ಹೇಳಿಯೇ ತಳ್ಳುಗಾಡಿಯಿಂದ ಅಂಗಡಿಗೆ ಬಂದವನು ನಾನು. ಅರ್ಧ ವರ್ಷ ಕ್ಲಾಸಿಗೇ ಬಾರದವರು ಯಾರು? ಒಬ್ಬಳೇ. ಒಂಟಿಯಾಗಿ ನಿಂತಿರುವ ಚುಕ್ಕೆ ಎಷ್ಟು? ಒಂದೇ. ಇದಕ್ಕೆ ಕಾಗದ ಪೆನ್ಸಿಲ್ ಬೇಕೇ.

ಜುಲೈ 10, ಗುರುವಾರ

ಮಾಡಿದೆ. ಸರಿಯೇ ಮಾಡಿದೆ ಎನ್ನಿಸುತ್ತದೆ.

ಶಾಲೆಯ ಆಟದ ಶೂಗಳ ಉಳಿದ ಡಬ್ಬಗಳನ್ನು ಇಳಿಸಲು ಹೋಗಿದ್ದೆ. ಆ ಶಾಲೆಗೆ ಶೂ ನಮ್ಮದೇ. ಹೆಡ್ ಮಿಸ್ ರೂಮಿನಲ್ಲಿ ಒಬ್ಬರೇ ಇದ್ದರು. ವ್ಯಾಪಾರದಲ್ಲಿ ನಾನು ಕಲಿತ ಒಂದು ಮಾತಿದೆ: ಗಿರಾಕಿ ಹರಿದ ಶೂ ಹಿಡಿದು ನಾಲ್ಕು ಜನರೆದುರು ಕೂಗುವ ಮೊದಲೇ ನಾವೇ ಕರೆದು ಬದಲಿಸಿ ಕೊಡಬೇಕು. ಮರ್ಯಾದೆ ಉಳಿಯುತ್ತದೆ. ಸೋಮವಾರ ಎಲ್ಲರೆದುರು ಮೂರು ಎಂದು ಓದಿಸಿಕೊಂಡು, ಚೀಲ ಎತ್ತಿಕೊಂಡು ಮಗು ಕೆಳಗಿನ ಕ್ಲಾಸಿಗೆ ಇಳಿಯುವುದೇ? ಬೇಡ. ನಾವೇ ಕೇಳಿಕೊಂಡು ಇಳಿದೆವು ಎಂದಾಗಲಿ.

"ಮೇಡಂ, ಅವಳನ್ನ ಆರಕ್ಕೇ ಕೂರಿಸಿಬಿಡಿ."

"ಯಾಕೆ ಸಾರ್? ಮಾರ್ಕ್ಸ್ ಗೊತ್ತಾಯ್ತಾ?"

"ಗೋಡೆ ಮೇಲೆ ಹಾಕಿದೀರಲ್ಲ."

"ಅದರಲ್ಲಿ ಹೆಸರಿಲ್ವಲ್ಲ?"

"ನಂಗೆ ಹೆಸರು ಬೇಕಿಲ್ಲ ಮೇಡಂ. ತಂದೆ ನಾನು."

ಕನ್ನಡಕ ತೆಗೆದು ಒರೆಸಿದರು. ಪೋಷಕರೇ ಕೇಳಿದರೆ ಅವರಿಗೂ ಒಂದು ತಲೆನೋವು ಕಮ್ಮಿ. "ಸರಿ. ಸೋಮವಾರದಿಂದ ಆರರಲ್ಲಿ ಕೂರಲಿ" ಎಂದರು. ಕೈಮುಗಿದು ಬಂದೆ. ಮೆಟ್ಟಿಲು ಇಳಿಯುವಾಗ ಏಳನೇ ಕ್ಲಾಸು ಸಿಕ್ಕಿತು. ಬಾಗಿಲು ತೆರೆದಿತ್ತು. ಅಳಿಲು ಮೂರನೇ ಬೆಂಚಿನಲ್ಲಿ, ಪಕ್ಕದವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ನನ್ನನ್ನು ನೋಡಲಿಲ್ಲ.

ಜುಲೈ 11, ಶುಕ್ರವಾರ

ಇವಳಿಗೆ ಹೇಳಿದೆ. ಹೇಳಬಾರದಿತ್ತು. ಹೇಳದೆ ಇರಲೂ ಬಾರದಿತ್ತು.

"ಪೇಪರ್ ಬಂತಾ?"

"ಇಲ್ಲ."

"ಮಿಸ್ ಹೇಳಿದ್ರಾ?"

"ಇಲ್ಲ."

"ಮತ್ತೆ ನಿಮಗೆ ಕನಸು ಬಿತ್ತಾ?"

ಅರ್ಧ ವರ್ಷದ ಲೆಕ್ಕ ಹೇಳಿದೆ. ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, ಅದೇ ಕೆಟ್ಟದ್ದು, ಮೆಲ್ಲಗೆ — "ಅಲ್ರೀ, ಊರಿಗೆಲ್ಲ ಒಂದೇ ಸಲಕ್ಕೆ ಸರಿಯಾದ ಸೈಜು ಕೊಡ್ತೀರ. ಮಗಳಿಗೆ ಅಳತೇನೇ ತಗೊಳ್ದೆ ಕೊಟ್ಟುಬಿಟ್ರಲ್ಲ."

ಚಪ್ಪಲಿ ಮೆಟ್ಟಿದೆ, ಮತ್ತೆ ಬಿಟ್ಟೆ.

"ಹೋಗಿ ವಾಪಸ್ ತಗೊಳ್ಳಿ" ಎಂದಳು. ಹೋಗಲಿಲ್ಲ. ಮೂರು ಬಂದಿದ್ದರೆ? ವಾಪಸು ತೆಗೆದುಕೊಂಡು, ಸೋಮವಾರ ಮತ್ತೆ ವಾಪಸು ಹೋಗಿ... "ಹಾಗಾದ್ರೆ ಅವಳಿಗೆ ನೀವೇ ಹೇಳಿ. ಇನ್ಯಾರ ಬಾಯಿಂದಾನೋ ಕೇಳೋ ಹಾಗೆ ಆಗಬಾರ್ದು." ಅದಕ್ಕೆ ಒಪ್ಪಿದೆ. ಭಾನುವಾರ ಹೇಳುತ್ತೇನೆ.

ಜುಲೈ 14, ಸೋಮವಾರ, ಬೆಳಿಗ್ಗೆ

ಹೇಳಲಿಲ್ಲ. ನಿನ್ನೆ ಬಾಯಿ ತೆರೆದಾಗಲೆಲ್ಲ ಬೇರೆ ಮಾತು ಬಂತು. ಹಾಲು ಕುಡಿದೆಯಾ. ಮಾತ್ರೆ ತಗೊಂಡೆಯಾ. ಕೊನೆಗೆ ಅವಳ ಶೂ ಎತ್ತಿಕೊಂಡು ಪಾಲಿಶ್ ಮಾಡಿದೆ. ಹೊಳೆಯುತ್ತಿದ್ದ ಶೂಗೆ ಮತ್ತೆ ಪಾಲಿಶ್. ಕಲ್ಲಿಗೂ ಚಪ್ಪಲಿ ಮಾರುತ್ತಾನೆ ಎಂದು ಬಜಾರಿನಲ್ಲಿ ನನಗೆ ಹೆಸರು. ಹನ್ನೆರಡು ವರ್ಷದ ಮಗುವಿನ ಮುಂದೆ ಒಂದು ವಾಕ್ಯ ಆಡಲಾಗಲಿಲ್ಲ.

ಇವಳು ಡಬ್ಬಿಗೆ ಊಟ ತುಂಬುತ್ತಾ "ಹೇಳಿದ್ರಾ?" ಎಂದು ಕಣ್ಣಲ್ಲೇ ಕೇಳಿದಳು. ನಾನು ಬೀಗದ ಕೈ ಹುಡುಕಿದೆ. ಕೈಯಲ್ಲೇ ಇತ್ತು.

ಅದೇ ದಿನ, ಸಂಜೆ

ಉಸಿರು ಬಂದಿದೆ. ಬರೆಯುತ್ತೇನೆ.

ಹನ್ನೊಂದರ ಸುಮಾರಿಗೆ ಲೆಕ್ಕದ ಮಿಸ್ ಫೋನು. "ಸಾರ್, ಸ್ವಲ್ಪ ಬಂದು ಹೋಗ್ತೀರಾ?" ಗಿರಾಕಿಯ ಒಂದು ಕಾಲಿಗೆ ಶೂ ಹಾಕಿಸಿದ್ದೆ. ಇನ್ನೊಂದು ನೀವೇ ಹಾಕಿಕೊಳ್ಳಿ ಎಂದು ಹೊರಟೆ.

ಅಳಿಲು ವರಾಂಡದ ಬೆಂಚಿನ ಮೇಲಿದ್ದಳು. ಈ ಕಡೆ ಏಳನೇ ಕ್ಲಾಸಿನ ಬಾಗಿಲು, ಆ ಕಡೆ ಆರರದು. ತೊಡೆಯ ಮೇಲೆ ಚೀಲ. ಬೆಳಿಗ್ಗೆ ಆರರ ಟೀಚರು ಕರೆಯಲು ಬಂದರಂತೆ — ಬಾಮ್ಮ, ನಿಮ್ಮಪ್ಪ ಹೇಳಿದಾರೆ, ಇನ್ಮೇಲೆ ನಮ್ಮ ಕ್ಲಾಸು. ಅಳಿಲು ಅಳಲಿಲ್ಲವಂತೆ. ಚೀಲ ತುಂಬಿಕೊಂಡು ಎದ್ದು ಹೊರಟಿದ್ದಾಳೆ. ಲೆಕ್ಕದ ಮಿಸ್ ಬಾಗಿಲಿಗೆ ಅಡ್ಡ ನಿಂತು, "ಪೇಪರ್ ಕೊಡೋ ತನಕ ಇವಳು ನನ್ನ ಕ್ಲಾಸಿನವಳು" ಎಂದರಂತೆ. ಇಬ್ಬರು ಟೀಚರುಗಳ ಎಳೆದಾಟದಲ್ಲಿ ಮಗು ಬೆಂಚಿನ ಪಾಲು.

ನನ್ನನ್ನು ನೋಡಿದಳು. ಮುಖ ತಿರುಗಿಸಿದಳು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವಾಗಲೂ ನನ್ನ ಕಡೆಯೇ ತಿರುಗುತ್ತಿದ್ದವಳು.

ಒಳಗೆ ಹೆಡ್ ಮಿಸ್, ಲೆಕ್ಕದ ಮಿಸ್. ಮೇಜಿನ ಮೇಲೆ ಮಡಚಿದ ಪೇಪರ್. ಲೆಕ್ಕದ ಮಿಸ್ ಚಿಕ್ಕ ವಯಸ್ಸಿನವರು, ಬೆರಳಿಗೆಲ್ಲ ಸ್ಕೆಚ್‌ಪೆನ್ನಿನ ಬಣ್ಣ.

"ಮೂರರ ಮೇಲಿರೋ ಚುಕ್ಕೆ ಇವಳದು ಅಂತ ಯಾರು ಹೇಳಿದ್ರು ಸಾರ್?"

"ಯಾರೂ ಇಲ್ಲ. ನಾನೇ."

"ಹೇಗೆ?"

"ಎಲ್ಲರಿಗಿಂತ ಹೆಚ್ಚು ಪಾಠ ತಪ್ಪಿಸಿಕೊಂಡವಳು ಇವಳು. ಎಲ್ಲರಿಗಿಂತ ಹಿಂದೆ ಇರೋದು ಆ ಚುಕ್ಕೆ."

"ಎರಡೂ ನಿಜ. ಆದ್ರೆ ಎರಡಕ್ಕೂ ಗಂಟು ಹಾಕಿದ್ದು ನೀವು. ನನ್ನ ಚಾರ್ಟಲ್ಲಿ ಆ ಗಂಟು ಇಲ್ಲ." ಗೋಡೆಯಿಂದ ಚಾರ್ಟ್ ಕಿತ್ತೇ ತಂದಿದ್ದರು. ಬೆರಳಿಟ್ಟು ತೋರಿಸಿದರು. "ಎಷ್ಟು ಮಾರ್ಕ್ಸಿಗೆ ಎಷ್ಟು ಮಕ್ಕಳು, ಇದು ಅಷ್ಟೇ ಹೇಳೋದು. ಎಲ್ಲಿ ಗುಂಪಾಗಿದೆ, ಎಲ್ಲಿ ಖಾಲಿ ಇದೆ, ಯಾವುದು ದೂರ ಇದೆ. ಯಾರು, ಯಾಕೆ — ಅದಕ್ಕೆ ಪೇಪರ್ ತೆಗೀಬೇಕು."

ತೆಗೆದರು.

ಹನ್ನೆರಡು.

ಹನ್ನೆರಡು! ಅಂದರೆ ಆ ಎತ್ತರದ ರಾಶಿ. ಏಳು ಚುಕ್ಕೆಗಳ ರಾಶಿಯಲ್ಲಿ ಒಂದು. ಐದು ದಿನದಿಂದ ನಾನು ಬಯಲಿನಲ್ಲಿ ಹುಡುಕುತ್ತಿದ್ದೆ, ಮಗು ಸಂತೆಯ ನಡುವೆ ಇತ್ತು.

ಹೆಡ್ ಮಿಸ್: "ಈಗ ಏನು ಮಾಡೋಣ ಸಾರ್? ಆರಕ್ಕೆ ಹಾಕಿ ಅಂತ ನೀವೇ ಹೇಳಿದ್ರಿ."

ಬಾಯಿ ತೆರೆದೆ. ಹಿಂದಿನಿಂದ ದನಿ ಬಂತು. ಬಾಗಿಲಲ್ಲಿ ಅಳಿಲು, ಚೀಲ ಹೆಗಲಿಗೇರಿಸಿಕೊಂಡು.

"ಹತ್ತು ಬಂದ್ರೆ ಏಳರಲ್ಲೇ ಇರಬಹುದು ಅಂತ ನೀವೂ ಹೇಳಿದ್ರಿ ಮಿಸ್."

ಹೆಡ್ ಮಿಸ್ ನನ್ನ ಕಡೆ ನೋಡಿದರು. "ಮಾತು ಮಾತ್ರ ತಂದೇದು" ಎಂದರು. ಲೆಕ್ಕದ ಮಿಸ್‌ಗೆ ನಗು ತಡೆಯಲಿಲ್ಲ. "ಹೋಗು, ಕ್ಲಾಸಿಗೆ ಹೋಗು. ಏಳಕ್ಕೆ."

ಓಡಿದಳು. ವರಾಂಡದಲ್ಲಿ ಓಡಬಾರದು ಎಂದು ಗೋಡೆಯ ಮೇಲೆ ಬರೆದಿತ್ತು, ಅದರ ಮುಂದೆಯೇ. ಯಾರೂ ಬೈಯಲಿಲ್ಲ.

ಜುಲೈ 15, ಮಂಗಳವಾರ

ಮನೆಯಲ್ಲಿ ಇವಳು ಮಾತಾಡುತ್ತಿದ್ದಾಳೆ. ಅಳಿಲು ಇಲ್ಲ. ಉಪ್ಪು ಬೇಕಾದರೂ ಅಮ್ಮನಿಗೆ ಹೇಳಿ ನನ್ನ ಕೈಯಿಂದ ತರಿಸಿಕೊಳ್ಳುತ್ತಾಳೆ. ನ್ಯಾಯವೇ.

ಸಂಜೆ ಅಂಗಡಿಗೆ ಬಂದಳು. ಹಿಂದಿನ ಕೋಣೆಯ ಸ್ಟೂಲಿನ ಮೇಲೆ ಕೂತಳು. ಡಬ್ಬಗಳ ಕಡೆ ನೋಡುತ್ತಾ ಕೇಳಿದಳು.

"ಯಾಕಪ್ಪ ಅದು ನಂದೇ ಅಂದ್ಕೊಂಡೆ?"

ನೂರು ಉತ್ತರ ನಾಲಿಗೆಯ ತುದಿಗೆ ಬಂದವು. ಗಿರಾಕಿಗೆ ಹೇಳುವಂಥವು. ಯಾವುದೂ ಬೇಡವೆನ್ನಿಸಿತು.

"ಹೆದರಿಕೆ ಕಣೇ."

"ನಂಗೆ ಹೆದರಿಕೆ ಆಗಿರ್ಲಿಲ್ಲ. ಎರಡೆರಡು ಮಾರ್ಕ್ಸಿನ ಆರು ಲೆಕ್ಕ ಸರಿ ಮಾಡಿದ್ದೀನಿ ಅಂತ ಗೊತ್ತಿತ್ತು. ಕೇಳಿದ್ರೆ ಹೇಳ್ತಿದ್ದೆ."

"ಕೇಳಿದೆನಲ್ಲ?"

"ಚುಕ್ಕೆ ಯಾವುದು ಅಂತ ಕೇಳಿದೆ. ಟೆಸ್ಟು ಹೇಗೆ ಮಾಡಿದೆ ಅಂತ ಕೇಳ್ಲಿಲ್ಲ."

ಹೌದು. ಕೇಳಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಎಲ್ಲಿ ನೋಡಿದರೂ ಅವಳನ್ನು ಬೇರೆಯಾಗಿಯೇ ನೋಡುತ್ತಿದ್ದೆ. ರಸ್ತೆಯಲ್ಲಿ, ಊಟದಲ್ಲಿ, ಮಕ್ಕಳ ಗುಂಪಿನಲ್ಲಿ. ಬಿಳಿ ಗೋಡೆಗೆ ಒಂದೇ ಮಂಚ ಹಾಕಿದ ಆ ಕೋಣೆಯನ್ನು ಜೊತೆಗೇ ಹೊತ್ತುಕೊಂಡು ತಿರುಗುತ್ತಿದ್ದವನು ನಾನು. ಅವಳು ಯಾವಾಗಲೋ ಎದ್ದು ಹೋಗಿದ್ದಳು.

ಇಷ್ಟೆಲ್ಲ ಅವಳಿಗೆ ಹೇಳಲಿಲ್ಲ. "ತಪ್ಪಾಯ್ತು" ಎಂದೆ.

"ಹೂಂ" ಎಂದಳು. ಸ್ವಲ್ಪ ಹೊತ್ತು ಕಾಲು ಆಡಿಸಿದಳು.

ನನ್ನ ಬುದ್ಧಿ ಎಲ್ಲಿ ಹೋಗುತ್ತದೆ. "ಹಾಗಾದ್ರೆ ಆ ಮೂರು ಯಾರದು?"

"ಕ್ಲಾಸಲ್ಲಿ ಎಲ್ಲರಿಗೂ ಗೊತ್ತು. ಹೇಳಲ್ಲ."

"ನಂಗೆ ಹೇಳಿದ್ರೆ ಏನಾಯ್ತು?"

"ನೀನು ಹೋಗಿ ಅವರಪ್ಪಂಗೆ ಬುದ್ಧಿ ಹೇಳಿ ಬರ್ತೀಯ."

ಗಲ್ಲಾದಲ್ಲಿದ್ದ ಇವಳು ಅಲ್ಲಿಂದಲೇ ನಕ್ಕಳು. ಅಳಿಲಿಗೂ ನಗು ಬಂತು, ಮುಖ ಗಂಟಿಕ್ಕಿ ತಡೆದಳು, ಆಗಲಿಲ್ಲ. ನಾನೂ ಸೇರಿಕೊಂಡೆ. ಶೂ ನೋಡುತ್ತಿದ್ದ ಹೆಂಗಸು ತಾನು ಹೇಳಿದ ಬೆಲೆಗೇ ಎಲ್ಲರೂ ನಗುತ್ತಿದ್ದಾರೆ ಅಂದುಕೊಂಡು ಚೌಕಾಸಿಯನ್ನೇ ಬಿಟ್ಟಳು.

ಜುಲೈ 27, ಭಾನುವಾರ

ಹನ್ನೆರಡು ದಿನ ಬರೆದಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ. ಅದೇ ಸುಖ. ಡಾಕ್ಟರು ಔಷಧಿ ಒಂದು ಹೊತ್ತಿಗೆ ಇಳಿಸಿದರು. ಶಾಲೆಗೆ ಹೋದಳು, ಬಂದಳು, ಹೋಗಲ್ಲ ಎಂದು ಒಂದು ದಿನ ಹಠ ಮಾಡಿದಳು. ಕಾಯಿಲೆಯೆಂದಲ್ಲ, ಸೋಮಾರಿತನಕ್ಕೆ. ಇವಳು ಬೈದು ಕಳಿಸಿದಳು. ಎಷ್ಟು ದಿನಕ್ಕೆ ಬೈದಳು! ಕೇಳಲು ಇಂಪಾಗಿತ್ತು.

ಇವತ್ತು ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಟೆಸ್ಟಿನಲ್ಲಿ ಹನ್ನೆರಡು ಬಂದವರೆಲ್ಲ ಒಂದು ಗುಂಪು ಕಟ್ಟಿಕೊಂಡಿದ್ದಾರಂತೆ, ಮುಂದಿನ ಟೆಸ್ಟಿಗೆ ಒಟ್ಟಿಗೆ ಓದುವುದಂತೆ. ಭಾನುವಾರವಾದರೂ ಬೆಳಿಗ್ಗೆ ಶಾಲೆಯಲ್ಲಿ ಆಗಸ್ಟ್ ಹದಿನೈದರ ಡ್ರಿಲ್ ಇತ್ತು, ಮುಗಿಸಿಕೊಂಡು ಹಾಗೇ ಬಂದರು. ಓದುವ ಸದ್ದು ಇದುವರೆಗೆ ಕೇಳಿಲ್ಲ. ಕಿರುಚಾಟ, ಯಾರೋ ಮಂಚದಿಂದ ಹಾರಿದ್ದು, ಇವಳು "ಮೆಲ್ಲಗೆ ಕಣ್ರೋ, ಕೆಳಗೆ ಅಂಗಡಿ ಇದೆ" ಎಂದದ್ದು. ಅಂಗಡಿ ಕೆಳಗಿದ್ದರೇನು, ಇವತ್ತು ಮುಚ್ಚಿದೆ. ಕುಣಿಯಲಿ.

ಅಳಿಲನ್ನು ಕರೆದುಕೊಂಡು ಸಂಜೆ ಪಾರ್ಕಿಗೆ ಹೋಗುವುದಿತ್ತು. ಅವಳ ಶೂ ಒಳಗೆ ತೆಗೆದಿಡೋಣವೆಂದು ಬಾಗಿಲಿಗೆ ಹೋದೆ. ಮೆಟ್ಟಿಲ ಮೇಲೆ ರಾಶಿ. ಎಲ್ಲವೂ ನಮ್ಮಂಗಡಿಯ ಬಿಳಿ ಶೂ, ಒಂದೇ ಮಾದರಿ, ಹೆಚ್ಚುಕಮ್ಮಿ ಎಲ್ಲಾ ಮೂರನೇ ನಂಬರು, ಎಲ್ಲದಕ್ಕೂ ಅದೇ ಮೈದಾನದ ಕೆಂಪು ಮಣ್ಣು. ಮಗುಚಿ ಬಿದ್ದಿವೆ, ಒಂದರ ಹೊಟ್ಟೆಯೊಳಗೆ ಒಂದು. ಕುಕ್ಕರಗಾಲಲ್ಲಿ ಕೂತು ಒಂದೊಂದಾಗಿ ಎತ್ತಿ ನೋಡಿದೆ, ಹಿಮ್ಮಡಿ, ಲೇಸು, ಅಡಿ. ಇಷ್ಟು ವರ್ಷದ ಕಸುಬು. ಇವುಗಳಲ್ಲಿ ನಮ್ಮವಳದು ಯಾವುದೆಂದು ಹೇಳಲಾಗಲಿಲ್ಲ.